ಹುಲ್ಲುಗಾವಲಿನಲ್ಲಿ ದೋಣಿ

ಆ ಶುಕ್ರವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಅದರ ಕೆಳಗಿರುವುದು ಕೆರೆಯೋ ಹುಲ್ಲುಗಾವಲೋ ಎಂಬುದು ದೇವರೊಬ್ಬನಿಗೇ ಗೊತ್ತಿತ್ತು. ಜೂನ್ ನಡುವಿನ ಸಂತ ವಿದನ ಹಬ್ಬ ಕಳೆದು ಎರಡು ದಿನವಾಗಿತ್ತು. ಗಾಳಿಯ ಸುಳಿವಿಲ್ಲ. ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜ ಕೂಡ ಕುತ್ತಿಗೆಯವರೆಗೆ ಕರಗಿಹೋಗಿ ಜುಟ್ಟು ಮಾತ್ರ ಉಳಿಸಿಕೊಂಡಿತ್ತು. ನಾನು ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆದು ಕೆಳಗಿಳಿದು, ಚರ್ಚಿನ ಹೊಸ್ತಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡೆ. "ತಂದೆಯೇ, ಪೊಲೋನಾ ಟೀಚರಿಗೆ ಇವತ್ತು ಯಾವುದು ಬೇಕೋ ಅದನ್ನ ಕೊಡು" ಎಂದೆ. ಅವರಿಗೆ ಬೇಕಾದದ್ದು ನೀರೋ ಒಣನೆಲವೋ ನನಗೆ ತಿಳಿದಿರಲಿಲ್ಲ. ನಮ್ಮೂರಿನಲ್ಲಿ ಅಂಥ ಪ್ರಾರ್ಥನೆಗಳೇ ಹೆಚ್ಚು.

ನಮ್ಮ ಕೆರೆ ಬರುತ್ತದೆ, ಹೋಗುತ್ತದೆ. ಅದರ ತಳದಲ್ಲಿ ಬಾಯಿಗಳಿವೆ. ಮಳೆ ಜೋರಾದರೆ ಅವು ನೀರು ಉಗುಳುತ್ತವೆ, ಮನಸ್ಸು ಬಂದಾಗ ನುಂಗುತ್ತವೆ. ನೀರಿದ್ದಾಗ ವಿಂಕೊ ದೋಣಿ ಬಿಟ್ಟು ಮೀನು ಹಿಡಿಯುವ ಜಾಗದಲ್ಲೇ, ನೀರು ಹೋದ ಮೇಲೆ ಹುಲ್ಲು ಕೊಯ್ಯುತ್ತಾನೆ. ಹಾಗಾಗಿ ಭಾನುವಾರದ ಪೂಜೆಯಲ್ಲಿ ಅವನು ಬಲಮಂಡಿಯಿಂದ ಮಳೆ ಕೇಳುತ್ತಾನೆ, ಎಡಮಂಡಿಯಿಂದ ಬಿಸಿಲು ಕೇಳುತ್ತಾನೆ ಎಂದು ಅವನ ತಂಗಿ ಯುಸ್ತಿನಾಳೇ ಆಡಿಕೊಳ್ಳುತ್ತಾಳೆ. ದೇವರು ಎರಡೂ ಮಂಡಿಯ ಮಾತನ್ನು ಕೇಳಿಸಿಕೊಂಡು ತನಗೆ ತೋಚಿದ ದಿನ ತೋಚಿದ್ದನ್ನು ಮಾಡುತ್ತಾನೆ. ನಮಗೆ ಅದು ಅಭ್ಯಾಸವಾಗಿದೆ. ಮೇಲಿನ ಶಿಕ್ಷಣ ಕಚೇರಿಗೆ ಅಭ್ಯಾಸವಾಗಿರಲಿಲ್ಲ, ಅಷ್ಟೆ.

ನಾನು ಬ್ಲಾಜ್. ಊರಿನ ಹೈಸ್ಕೂಲಿನ ಜವಾನ. ಶಾಲೆಯ ಗಂಟೆ ಈಗೀಗ ತಾನಾಗಿಯೇ ಬಡಿದುಕೊಳ್ಳುತ್ತದೆ. ಬಾಗಿಲು, ಬಾಯ್ಲರು, ಬಕೆಟ್ಟು ಇವು ನನ್ನ ಪಾಲಿಗೆ ಉಳಿದಿವೆ. ಚರ್ಚಿನ ಗಂಟೆ ಮಾತ್ರ ಇನ್ನೂ ಹಗ್ಗದ್ದು. ಅದೂ ನನ್ನದೇ.

ಪೊಲೋನಾ ಟೀಚರು ಮೂರು ವರ್ಷದಿಂದ ಒಂದೇ ಹಟ ಹಿಡಿದಿದ್ದರು: ನಮ್ಮ ಮಕ್ಕಳಿಗೆ ಪರಿಸರ ವಿಜ್ಞಾನ ಅಂತ ಒಂದು ಪಾಠ ಬೇಕು. ಮೊದಲ ವರ್ಷ ಮಕ್ಕಳು ಸೇರಲಿಲ್ಲ. ಎರಡನೆಯ ವರ್ಷ ಮಕ್ಕಳು ಸೇರಿದರು, ಕೋಣೆ ಸಿಗಲಿಲ್ಲ. ಈ ಸಲ ಹದಿನಾಲ್ಕು ಮಕ್ಕಳೂ ಇದ್ದರು, ಕೋಣೆಯೂ ಇತ್ತು, ಫಾರಮ್ಮು ಮಾತ್ರ ಆಗಿರಲಿಲ್ಲ. ಫಾರಮ್ಮಿನಲ್ಲಿ ಮೂವತ್ತೈದು ಪೀರಿಯಡ್‌ಗೆ ಮೂವತ್ತೈದು ಸಾಲು. ಪ್ರತಿ ಸಾಲಿಗೂ ದಿನಾಂಕ, ಸ್ಥಳ, ಸಾಧನ. ಆ ಶುಕ್ರವಾರದೊಳಗೆ ಅದಕ್ಕೆ ಸಹಿ ಬೀಳದಿದ್ದರೆ ಮುಂದಿನ ವರ್ಷದ ಪಟ್ಟಿ ಮುಚ್ಚಿಹೋಗಿ, ಹದಿನಾಲ್ಕು ಮಕ್ಕಳೂ 'ಕಚೇರಿ ಪತ್ರವ್ಯವಹಾರ' ಎಂಬ ಪಾಠಕ್ಕೆ ಹೋಗಬೇಕಿತ್ತು. "ಮಾವ, ಕೆರೆ ಪಕ್ಕದಲ್ಲಿ ಹುಟ್ಟಿದ ಮಕ್ಕಳು 'ತಮ್ಮ ಕೃಪಾಪತ್ರ ತಲುಪಿತು' ಅಂತ ಬರೆಯೋದು ಕಲೀತಾವೆ" ಎಂದು ಟೀಚರು ನನ್ನ ಮುಂದೆ ಒಂದು ಸಲ ಅತ್ತೂ ಬಿಟ್ಟಿದ್ದರು. ಅತ್ತ ಮೇಲೆ, ಬಾಯ್ಲರಿನ ಹೊಗೆ ಅಂದರು.

ಅವರು ಫಾರಮ್ಮನ್ನು ಮೇ ತಿಂಗಳಲ್ಲೇ ತುಂಬಿ ಕಳಿಸಿದ್ದರು. ಹತ್ತು ದಿನಕ್ಕೆ ಅದು ಕೆಂಪು ಶಾಯಿ ಬಳಿದುಕೊಂಡು ವಾಪಸ್ಸು ಬಂತು. ಒಂಬತ್ತನೆಯ ಸಾಲಿಗೆ ಸುತ್ತು ಹಾಕಿದ್ದರು. ಸ್ಥಳ: ವಿಂಕೊನ ಹುಲ್ಲುಗಾವಲು. ಸಾಧನ: ದೋಣಿ. ಇಪ್ಪತ್ತನೆಯ ಸಾಲಿಗೂ ಸುತ್ತು. ಸ್ಥಳ: ಕೆರೆ. ಸಾಧನ: ಉದ್ದ ಹಿಡಿಯ ಕುಡುಗೋಲು. ಕೆಳಗೆ ಒಂದೇ ಮಾತು: 'ಎದ್ದು ಕಾಣುವ ತಪ್ಪು. ತಿದ್ದಿ ಕಳಿಸಿ.'

ಸ್ಟಾಫ್ ರೂಮಿನಲ್ಲಿ ಹನ್ನೊಂದು ಮಂದಿ ಆ ಕಾಗದದ ಮೇಲೆ ಬಗ್ಗಿ ಹುಡುಕಿದರು. ತಪ್ಪು ಯಾರಿಗೂ ಸಿಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಕೊನೆಗೆ ನನ್ನನ್ನೂ ಕರೆದರು. ನಾನು ಓದಿ, "ತಪ್ಪೇ ಮತ್ತೆ! ಆ ಹುಲ್ಲುಗಾವಲು ವಿಂಕೊ ಒಬ್ಬನದಲ್ಲ, ಯುಸ್ತಿನಾಗೂ ಅರ್ಧ ಪಾಲಿದೆ" ಎಂದೆ. ಎಲ್ಲರೂ ಹಣೆ ಬಡಿದುಕೊಂಡರು. ಟೀಚರು 'ವಿಂಕೊ ಮತ್ತು ತಂಗಿಯ ಹುಲ್ಲುಗಾವಲು' ಎಂದು ಚೆನ್ನಾಗಿ ತಿದ್ದಿ, ಸಾಧನದ ಕೆಳಗೆ 'ದೋಣಿ' ಎಂದು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದರು.

ಮರುಟಪಾಲಿಗೆ ಉತ್ತರ ಬಂತು. ಉರ್ಬಾಸ್ ಎಂಬ ಅಧಿಕಾರಿ ಶುಕ್ರವಾರ ಎಂಟರ ಬಸ್ಸಿಗೆ ಖುದ್ದಾಗಿ ಬರುತ್ತಾರೆ, ಎರಡರ ಬಸ್ಸಿಗೆ ಹಿಂದಿರುಗುತ್ತಾರೆ.

ಅವರು ಬಂದರು. ಅರವತ್ತರ ಹತ್ತಿರದ ಮನುಷ್ಯ, ಹೊಳೆಯುವ ಬೂಟು, ಎದೆಗೆ ಅವುಚಿಕೊಂಡ ಚರ್ಮದ ಚೀಲ. ಬಸ್ಸಿನಿಂದ ಇಳಿದವರು ಮಂಜಿನ ಗೋಡೆಯ ಮುಂದೆ ನಿಂತು ಕೇಳಿದರು:

"ಕೆರೆ ಎಲ್ಲಿ?"

"ಇಲ್ಲೇ ಸಾರ್, ನಿಮ್ಮ ಮುಂದೆ" ಎಂದರು ಪೊಲೋನಾ ಟೀಚರು.

"ಇದೆ ತಾನೇ?"

ಟೀಚರು ನನ್ನ ಮುಖ ನೋಡಿದರು. ನಾನು, "ಬುಧವಾರ ಇತ್ತು ಸಾಹೇಬ್ರೇ" ಎಂದೆ. ದೇವರ ಸನ್ನಿಧಿಯಲ್ಲಿ ಕೆಲಸ ಮಾಡುವವನು ತಿಳಿದಷ್ಟನ್ನೇ ಹೇಳಬೇಕು.

ಅಷ್ಟರಲ್ಲಿ ಮಂಜಿನೊಳಗಿಂದ ವಿಂಕೊ ಬಂದ. ಒಂದು ಹೆಗಲ ಮೇಲೆ ದೋಣಿ ನೂಕುವ ಗಳ, ಇನ್ನೊಂದರ ಮೇಲೆ ಕುಡುಗೋಲು. ಅಧಿಕಾರಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಎರಡೂ ಯಾಕಪ್ಪ?"

"ಜೂನಲ್ಲಿ ಒಂದೇ ತಗೊಂಡು ಹೋದೋರು ನಡೂಲಿ ಕೂತು ಅತ್ತಿದಾರೆ ಸಾಹೇಬ್ರೇ. ನಮ್ಮಪ್ಪ ಅತ್ತಿದ್ದು ನಾನೇ ನೋಡಿದೀನಿ. ಬನ್ನಿ, ಹತ್ತಿ."

"ಎಲ್ಲಿಗೆ ಹತ್ತಲಿ?"

"ದೋಣಿಗೆ."

ದೋಣಿ ಹಸಿ ಹುಲ್ಲಿನ ಮೇಲೆ, ಎರಡು ದಾಸವಾಳ ಬಣ್ಣದ ಕಾಡುಹೂವಿನ ಗಿಡಗಳ ನಡುವೆ ಕೂತಿತ್ತು. ಉರ್ಬಾಸ್ ಅವರು ಚೀಲದಿಂದ ಫಾರಮ್ಮು ತೆಗೆದು ಒಂಬತ್ತನೆಯ ಸಾಲನ್ನು ಒಮ್ಮೆ ಓದಿ, ಹುಲ್ಲನ್ನು ಒಮ್ಮೆ ನೋಡಿ, ಹತ್ತಿ ಕೂತರು. ಅವರ ಹಿಂದೆ ಟೀಚರು ಹತ್ತಿದರು. ವಿಂಕೊ ಮತ್ತು ನಾನು ನೂಕಿದೆವು. ಇಪ್ಪತ್ತು ಹೆಜ್ಜೆ ಹುಲ್ಲಿನ ಮೇಲೇ ಜಾರಿತು. ಆಮೇಲೆ ಪಾದ ಮುಳುಗುವಷ್ಟು ನೀರು, ಆಮೇಲೆ ಮಂಡಿಯವರೆಗೆ. ವಿಂಕೊ ಹತ್ತಿ ಗಳ ಹಾಕಿದ. ನಾನೂ ಹತ್ತಿದೆ. ಸುತ್ತ ಬಿಳುಪು ಬಿಟ್ಟರೆ ಏನಿಲ್ಲ. ಯಾವುದೋ ಹಕ್ಕಿ ನಮ್ಮನ್ನು ಬೈಯುತ್ತಾ ಹಾರಿಹೋಯಿತು. ನನಗೆ ಅಂಥ ಹೊತ್ತಿನಲ್ಲಿ ಸೃಷ್ಟಿಯ ಮೂರನೆಯ ದಿನ ನೆನಪಾಗುತ್ತದೆ. ನೀರನ್ನೂ ನೆಲವನ್ನೂ ಬೇರ್ಪಡಿಸುವ ಕೆಲಸ ದೇವರು ಎಲ್ಲ ಕಡೆ ಮುಗಿಸಿ, ನಮ್ಮೂರಿಗೆ ಬರುವಷ್ಟರಲ್ಲಿ ಸಂಜೆಯಾಗಿ, 'ಉಳಿದದ್ದು ನಾಳೆ ನೋಡೋಣ' ಎಂದು ಹೋಗಿರಬೇಕು.

ಸ್ವಲ್ಪ ದೂರ ಹೋಗಿ ದೋಣಿ ಗರಗರ ಅಂದು ನಿಂತಿತು.

"ಈಗ ಎಲ್ಲಿದೀವಿ?" ಅಂದರು ಉರ್ಬಾಸ್.

"ಒಂಬತ್ತನೇ ಸಾಲು ಮುಗೀತು, ಇಪ್ಪತ್ತನೇದು ಶುರು" ಎಂದು ವಿಂಕೊ ಗಳ ಇಟ್ಟು ಕುಡುಗೋಲು ಎತ್ತಿಕೊಂಡ. "ಇಳೀರಿ."

ಪೊಲೋನಾ ಟೀಚರು ನಕ್ಕರು. ಅಧಿಕಾರಿ ನಗಲಿಲ್ಲ. "ಟೀಚರ್, ಇದೆಲ್ಲ ಚೆನ್ನಾಗಿದೆ. ತಪ್ಪು ನಿಮ್ಮದಲ್ಲ ಅಂತ ಒಪ್ಪಿಕೊಂಡೆ. ಆದ್ರೆ ನೀವು ಒಂಬತ್ತನೇ ಸಾಲಿಗೆ ಮುಂದಿನ ವರ್ಷದ ಏಪ್ರಿಲ್ ಹದಿನಾಲ್ಕು ಅಂತ ಬರ್ದಿದೀರ. ಏಪ್ರಿಲ್ ಹದಿನಾಲ್ಕಕ್ಕೆ ಇಲ್ಲಿ ನೀರಿರುತ್ತೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾರ್. ಫಾರಮ್ಮು ಕೇಳ್ತು, ಬರೆದೆ."

"ಅಂದ್ರೆ ಸುಳ್ಳು ದಿನಾಂಕ."

"ಆಸೆಪಟ್ಟ ದಿನಾಂಕ" ಅಂದರು ಟೀಚರು. ಅವರ ದನಿ ಇಳಿದಿತ್ತು.

"ಆಸೆಗೆ ನಾನು ಸಹಿ ಹಾಕೋಕಾಗಲ್ಲಮ್ಮ."

ಅಷ್ಟು ಹೇಳುವಾಗ ಬಿಸಿಲು ಮಂಜನ್ನು ಹರಿಯತೊಡಗಿತು. ಹರಿದ ಜಾಗದಲ್ಲಿ, ನಮ್ಮಿಂದ ಐವತ್ತು ಹೆಜ್ಜೆ ಆಚೆ, ಏನೋ ಕುದಿಯುವ ಹಾಗೆ ಕಂಡಿತು. ವಿಂಕೊ ಹೋಗಿ ನೋಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಚರ್ಚಿನಲ್ಲಲ್ಲದೆ ಬೇರೆಲ್ಲೂ ಟೊಪ್ಪಿಗೆ ತೆಗೆಯುವವನಲ್ಲ.

ರಾತ್ರಿ ತಳದ ಬಾಯಿಗಳು ತೆರೆದುಕೊಂಡು ನೀರನ್ನು ಎಳೆಯತೊಡಗಿದ್ದವು, ನಾವು ದಾಟಿ ಬಂದದ್ದು ಬತ್ತುತ್ತಿದ್ದ ಕೊನೆಯ ನೀರು. ಅದರಾಚೆ ಒಂದು ತಗ್ಗಿನಲ್ಲಿ ಮಾತ್ರ, ನಮ್ಮ ಶಾಲೆಯ ಊಟದ ಕೋಣೆಯಷ್ಟು ಜಾಗದಲ್ಲಿ, ಮೊಣಕೈ ಆಳದ ನೀರು ಉಳಿದಿತ್ತು. ಅದರೊಳಗೆ ಮೀನು. ದೊಡ್ಡ ಹಲ್ಲಿನ ಪೈಕ್ ಮೀನು, ಬೆರಳುದ್ದದ ಮರಿಗಳು, ಬೆನ್ನ ಮೇಲೆ ಬೆನ್ನು. ದೊಡ್ಡವು ಚಿಕ್ಕವನ್ನು ತಿನ್ನುವುದನ್ನೂ ಮರೆತು ಬಾಯಿ ತೆರೆದುಕೊಂಡಿದ್ದವು.

"ಮಧ್ಯಾಹ್ನದ ಹೊತ್ತಿಗೆ ಇದೂ ಹೋಗತ್ತೆ" ಅಂದ ವಿಂಕೊ. "ಆಚೆಯ ಬತ್ತದ ತೊರೆವರೆಗೂ ಹೊರಬೇಕು. ನಾವು ನಾಲ್ಕು ಜನ ಹೊತ್ರೆ ತಿಂಗಳ ಕೊನೆಗೆ, ಸಂತ ಪೇತ್ರನ ಹಬ್ಬಕ್ಕೆ ಮುಗೀತದೆ."

ಟೀಚರು ನನ್ನತ್ತ ತಿರುಗಿದರು. "ಬ್ಲಾಜ್ ಮಾವ, ನೀರಿನ ಗಂಟೆ."

ಅಜ್ಜಂದಿರ ಕಾಲದಿಂದ ಹಾಗೆ. ನೀರು ಹೋಯಿತೆಂದರೆ ಮೂರು ಗಿಡ್ಡ, ಒಂದು ಉದ್ದ. ಕೇಳಿದವರು ಇದ್ದ ಕೆಲಸ ಬಿಟ್ಟು ಬುಟ್ಟಿ ಹಿಡಿದು ಬರಬೇಕು. ಆಗ ತಿನ್ನಲು ಬರುತ್ತಿದ್ದರು, ಈಗ ಉಳಿಸಲು ಬರುತ್ತಾರೆ. ಗಂಟೆಗೆ ಎರಡೂ ಒಂದೇ. ಮೊಣಕಾಲು ನೋವನ್ನು ದೇವರ ಮೇಲೆ ಹಾಕಿ ನಾನು ಓಡಿದೆ. ಹಗ್ಗ ಎಳೆದೆ. ಮೂರು ಗಿಡ್ಡ, ಒಂದು ಉದ್ದ.

ಹಿಂದಿರುಗುವಷ್ಟರಲ್ಲಿ ಅರ್ಧ ಊರು ಕೆರೆಯ ತಳದಲ್ಲಿತ್ತು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದಿದ್ದ. ಯುಸ್ತಿನಾ ಹಾಲಿನ ಕ್ಯಾನು ತಂದಿದ್ದಳು. ಹದಿನಾಲ್ಕು ಮಕ್ಕಳೂ ಮೂರನೆಯ ಪೀರಿಯಡ್ಡಿನ ಕಿಟಕಿ ಬಾಗಿಲು ಎನ್ನದೆ ಹಾರಿ ಬಂದಿದ್ದವು. ಅವರ ಹಿಂದೆಯೇ, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ, ಹೆದ್ವಿಕಾ ಮೇಡಂ ಬಂದರು. ಅವರದು ಗಣಿತ. ಇಡೀ ಶಾಲೆಯ ಟೈಮ್ ಟೇಬಲ್ ಹಾಕುವವರೂ ಅವರೇ. ಮೂವತ್ತು ವರ್ಷದಲ್ಲಿ ಅವರ ಪೀರಿಯಡ್ಡು ಒಂದು ನಿಮಿಷ ಮೊದಲು ಮುಗಿದದ್ದಿಲ್ಲ.

"ಬ್ಲಾಜ್! ಇದು ಯಾವ ಸಂತನ ಹಬ್ಬ?"

"ಮೀನಿನ ಸಂತಂದು ಮೇಡಂ."

"ನನ್ನ ಸಮೀಕರಣ ಬೋರ್ಡಿನ ಮೇಲೆ ಅರ್ಧಕ್ಕೆ ನಿಂತಿದೆ. ಎಡಗಡೆ ಇದೆ, ಬಲಗಡೆ ಇಲ್ಲ. ಅದರ ಪಾಪ ನಿಂಗೆ."

"ಹೊರ್ತೀನಿ ಮೇಡಂ. ಸದ್ಯಕ್ಕೆ ಈ ಬಕೆಟ್ ನೀವು ಹೊರಿ."

ಅವರು ಬೈದುಕೊಂಡೇ ಹೊತ್ತರು. ತಗ್ಗಿನಿಂದ ತೊರೆಯವರೆಗೆ ಸಾಲು ನಿಂತಿತು, ಕೈಯಿಂದ ಕೈಗೆ ಬಕೆಟ್ಟು. ಅಧಿಕಾರಿ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಬೇಕರಿಯವನಿಗೂ ಯುಸ್ತಿನಾಗೂ ನಡುವೆ ನಿಂತಿದ್ದರು. ಯುಸ್ತಿನಾ ಅವರ ಬಿಳಿ ಕಾಲು ನೋಡಿ, "ಸಾಹೇಬ್ರೇ, ಈ ಕಾಲಿಗೆ ಸೂರ್ಯ ಪರಿಚಯವೇ ಇಲ್ವಾ?" ಎಂದಳು. "ರಜಾ ಅರ್ಜಿ ಹಾಕಿದ್ದೆ, ಮಂಜೂರಾಗಿಲ್ಲ" ಎಂದರು ಅವರು. ಬೆಳಗಿನಿಂದ ಅವರು ಆಡಿದ ಮೊದಲ ತಮಾಷೆ ಅದು. ಪೈಕ್ ಮೀನೊಂದು ಬಕೆಟ್ಟಿನಿಂದ ನೆಗೆದು ಅವರ ಕೋಟಿನೊಳಗೆ ಹೊಕ್ಕಾಗ ಅವರು ಕೂಗಿದ ಕೂಗು ಮಾತ್ರ ತಮಾಷೆಯದಲ್ಲ.

ಪೊಲೋನಾ ಟೀಚರು ಸಾಲಿನ ಉದ್ದಕ್ಕೂ ಓಡಾಡುತ್ತಿದ್ದರು. "ಕೈಯಿಟ್ಟು ನೋಡು, ತಗ್ಗಿನ ನೀರು ಬೆಚ್ಚಗಿದೆಯಾ, ತೊರೇದು ತಣ್ಣಗಿದೆಯಾ? ಹಾಗಾದ್ರೆ ಒಮ್ಮೆಗೇ ಸುರೀಬೇಡ, ತೊರೆ ನೀರು ಸ್ವಲ್ಪ ಸ್ವಲ್ಪ ಸೇರಿಸು. ನಿನ್ನನ್ನ ಬಿಸಿನೀರಿಂದ ಎತ್ತಿ ಹಿಮಕ್ಕೆ ಹಾಕಿದ್ರೆ ಹೇಗಿರ್ತಿತ್ತು? ದೊಡ್ಡದು ಎಷ್ಟು, ಮರಿ ಎಷ್ಟು, ಬರ್ಕೊಳ್ರಿ." ಒಬ್ಬ ಹುಡುಗಿ, "ಅಂದಾಜು ಐನೂರು" ಎಂದಳು. ಅಷ್ಟೇ. ಹೆದ್ವಿಕಾ ಮೇಡಂ ಬಕೆಟ್ಟು ಕೆಳಗಿಟ್ಟರು. "ಅಂದಾಜಾ? ನನ್ನ ಕ್ಲಾಸಲ್ಲಿ ಕೂತು ಅಂದಾಜಾ? ಕೊಡು ಇಲ್ಲಿ." ಅಲ್ಲಿಂದ ಮುಂದೆ ಒಂದು ಮರಿಯೂ ಲೆಕ್ಕ ತಪ್ಪಿಸಿಕೊಂಡು ತೊರೆ ಸೇರಲಿಲ್ಲ.

ಹನ್ನೆರಡಕ್ಕೆ ಮುಗಿಯಿತು. ತಗ್ಗಿನಲ್ಲಿ ಕೆಸರು ಉಳಿಯಿತು. ನಾನು ಅಲ್ಲಿಂದಲೇ ಗೋಪುರದತ್ತ ನೋಡಿ, ಮಧ್ಯಾಹ್ನದ ಗಂಟೆ ಇವತ್ತು ತಡವಾಗುತ್ತದೆ, ಕ್ಷಮಿಸು ಎಂದೆ.

ಒಂದಕ್ಕೆ ಎಲ್ಲರೂ ಶಾಲೆಯ ಅಡುಗೆಕೋಣೆಯಲ್ಲಿ ಸೇರಿದೆವು. ಉರ್ಬಾಸ್ ಅವರ ಬಟ್ಟೆ ಬಾಯ್ಲರಿನ ಮೇಲೆ ಒಣಗುತ್ತಿತ್ತು, ಅವರು ನನ್ನ ಹಳೇ ನೀಲಿ ಅಂಗಿಯಲ್ಲಿದ್ದರು. ಮುಂದೆ ಆಲೂಗಡ್ಡೆ, ಹುಳಿ ಹಾಕಿದ ಎಲೆಕೋಸು, ಪಕ್ಕದಲ್ಲಿ ಫಾರಮ್ಮು.

"ನಾನು ಇವತ್ತು ಬಂದಿದ್ದು ಆಕಸ್ಮಿಕ" ಅಂದರು ಅವರು. "ಸೋಮವಾರ ಬಂದಿದ್ರೆ ಸತ್ತ ಮೀನು ನೋಡ್ತಿದ್ದೆ. ಈ ಪಾಠಕ್ಕೆ ದಿನಾಂಕ ಹಾಕೋಕೆ ಬರಲ್ಲ, ಅರ್ಥ ಆಯ್ತು. ಆದ್ರೆ ದಿನಾಂಕದ ಜಾಗ ಖಾಲಿ ಬಿಟ್ರೆ ಫಾರಮ್ಮು ಊರ್ಜಿತವಲ್ಲ. ಆ ಗಂಟೆ ಹೊಡೆಯೋದು ಯಾರ ಜವಾಬ್ದಾರಿ?"

"ನಂದು" ಎಂದೆ.

ಅವರು ಹೊರಗಿನ ಪಾಠದ ಸಾಲುಗಳಲ್ಲೆಲ್ಲ ಏಪ್ರಿಲ್ಲು ಅಕ್ಟೋಬರುಗಳನ್ನು ಹೊಡೆದುಹಾಕಿ, 'ನೀರಿನ ಗಂಟೆಯಾದ ದಿನ. ಬ್ಲಾಜ್ ತಿಳಿಸತಕ್ಕದ್ದು' ಎಂದು ಬರೆದರು. ಪ್ರತಿ ಸಾಲಿನ ಸ್ಥಳವನ್ನೂ ಎರಡು ಮಾಡಿದರು: ನೀರಿದ್ದರೆ ಇದು, ಇಲ್ಲದಿದ್ದರೆ ಅದು. ಎಪ್ಪತ್ತನೆಯ ವಯಸ್ಸಿನಲ್ಲಿ ನಾನು ದಿನಾಂಕವಾದೆ. ವಿಂಕೊ ನನ್ನ ಬೆನ್ನು ತಟ್ಟಿ, "ಕ್ಯಾಲೆಂಡರು ಮಾವ, ಗೋಡೆಗೆ ನೇತಾಕ್ಲಾ?" ಎಂದ.

"ಒಂದು ನಿಮಿಷ" ಅಂದರು ಹೆದ್ವಿಕಾ ಮೇಡಂ. "ಹೊರಗಿನ ಪಾಠ ಹನ್ನೊಂದು ಪೀರಿಯಡ್. ಇವನು ಹಗ್ಗ ಎಳೆದಾಗೆಲ್ಲ ಯಾರದೋ ಪೀರಿಯಡ್ ಸಾಯುತ್ತೆ. ಯಾರದು ಅಂತ ಮೊದಲೇ ಬರೀಬೇಕು. ಇಲ್ಲಾಂದ್ರೆ ಪ್ರತಿ ಸಲಾನೂ ನಂದೇ ಸಾಯುತ್ತೆ."

"ನ್ಯಾಯ" ಅಂದರು ಉರ್ಬಾಸ್. "ಹನ್ನೊಂದಕ್ಕೂ ಕೊಡೋರ ಸಹಿ ಇದ್ರೆ ನನ್ನ ಸಹಿ."

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಪೊಲೋನಾ ಟೀಚರು ಹಾಳೆ ಹಿಡಿದು ಓಡಿದರು. ಆಟದ ಮೇಷ್ಟ್ರು ನಾಲ್ಕು ಕೊಟ್ಟರು, "ನಾನೂ ಓಡಿಸ್ತೀನಿ, ನೀವೂ ಓಡಿಸ್ತೀರ, ಏನು ವ್ಯತ್ಯಾಸ?" ಎಂದರಂತೆ. ಇತಿಹಾಸದವರು ಮೂರು ಕೊಟ್ಟರು. ಜರ್ಮನ್ ಟೀಚರು ಒಂದು ಕೊಟ್ಟು, ಟೀಚರ ಮುಖ ನೋಡಿ ಇನ್ನೊಂದನ್ನೂ ಕೊಟ್ಟರು. ಉಳಿದವರಿಗೆ ಕೊಡಲು ಇರಲಿಲ್ಲ, ಇದ್ದದ್ದೇ ವಾರಕ್ಕೊಂದು. ಹಿಂದೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟಾಗ ಒಂದೂ ಮುಕ್ಕಾಲು. ಒಂಬತ್ತು ಸಹಿ. ಎರಡು ಕಮ್ಮಿ.

ಎಲ್ಲರೂ ಹೆದ್ವಿಕಾ ಮೇಡಂ ಕಡೆ ನೋಡದಿರಲು ಪ್ರಯತ್ನಪಟ್ಟು ಅವರನ್ನೇ ನೋಡಿದರು.

"ನನ್ನ ಹತ್ರ ಕೊಡೋಕೆ ಇಲ್ಲ" ಅಂದರು ಅವರು. "ನೋಡ್ಬೇಡಿ ಹಾಗೆ. ಇದೇ ಮಕ್ಕಳಿಗೆ ಕೊನೇ ಪರೀಕ್ಷೆ ಇದೆ. ಗಣಿತದಲ್ಲಿ ಬಿದ್ರೆ ಮೀನು ಬಂದು ಎತ್ತಲ್ಲ."

ಅದು ಸುಳ್ಳಲ್ಲ. ಪೊಲೋನಾ ಟೀಚರಿಗೂ ಗೊತ್ತಿತ್ತು. ಅವರು ವಾದ ಮಾಡಲಿಲ್ಲ, ಅಂಗಲಾಚಲಿಲ್ಲ. "ಸರಿ ಬಿಡಿ ಮೇಡಂ" ಎಂದು ಒದ್ದೆ ಕೂದಲು ಹಿಂದಕ್ಕೆ ಸರಿಸಿ, ತಟ್ಟೆಯ ಮುಂದೆ ಕೂತರು. ಆಲೂಗಡ್ಡೆ ತಣ್ಣಗಾಗಿತ್ತು. ಅದನ್ನೇ ಚಮಚದಲ್ಲಿ ಎರಡು ಮಾಡಿದರು, ನಾಲ್ಕು ಮಾಡಿದರು, ಬಾಯಿಗೆ ಇಡಲಿಲ್ಲ. ಅಂಗಳದಲ್ಲಿ ಹದಿನಾಲ್ಕು ಮಕ್ಕಳು ತಮ್ಮ ಲೆಕ್ಕದ ಹಾಳೆಯನ್ನು ಹಂಚಿಕೊಂಡು, ಮರಿ ಹೆಚ್ಚೋ ದೊಡ್ಡದು ಹೆಚ್ಚೋ ಎಂದು ಜಗಳವಾಡುವುದು ಕೇಳಿಸುತ್ತಿತ್ತು.

ಉರ್ಬಾಸ್ ಅವರು ಎದ್ದು ಬಾಯ್ಲರಿನ ಮೇಲಿನ ಬಟ್ಟೆ ಮುಟ್ಟಿ ನೋಡಿದರು. ಹೆದ್ವಿಕಾ ಮೇಡಂ ಅಭ್ಯಾಸಬಲದಿಂದ ತಮ್ಮ ಕಪ್ಪು ಡೈರಿ ತೆಗೆದು, ಇವತ್ತು ಕಳೆದುಹೋದ ಪೀರಿಯಡ್ಡನ್ನು ಎಲ್ಲಿ ತುಂಬಿಸುವುದೆಂದು ಹಾಳೆ ತಿರುವತೊಡಗಿದರು. ಮುಂದಕ್ಕೆ ತಿರುವಿದರು. ಜಾಗವಿರಲಿಲ್ಲ. ಹಿಂದಕ್ಕೆ ತಿರುವಿದರು. ಒಂದು ಹಾಳೆಯಲ್ಲಿ ಕೈ ನಿಂತಿತು. ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು. ಚರ್ಚಿನಲ್ಲಿ ತಪ್ಪೊಪ್ಪಿಗೆಗೆ ಬಂದವರು ಪಾದ್ರಿಯ ಜಾಲರಿಯ ಮುಂದೆ ಮಂಡಿಯೂರಿ, ಎಲ್ಲ ಹೇಳಿ ಮುಗಿಸಿದೆ ಅಂದುಕೊಂಡಾಗ ಇನ್ನೊಂದು ನೆನಪಾಗಿ ಸುಮ್ಮನಾಗುವುದನ್ನು ನಾನು ನೋಡಿದ್ದೇನೆ. ಹಾಗಿತ್ತು.

ಅವರು ಪೆನ್ನು ತೆಗೆದರು. ಒಂಬತ್ತು ಸಹಿಗಳ ಕೆಳಗೆ ಎರಡು ಸಹಿ ಹಾಕಿ, ಹಾಳೆಯನ್ನು ಮೇಜಿನ ಮೇಲೆ ಜಾರಿಸಿ ಪೊಲೋನಾ ಟೀಚರ ತಟ್ಟೆಯ ಪಕ್ಕಕ್ಕೆ ತಂದರು.

"ಕೊಡ್ತಿಲ್ಲ ನಾನು" ಅಂದರು, ಪಕ್ಕದಲ್ಲಿದ್ದ ನನಗೆ ಬಿಟ್ಟರೆ ಇನ್ನಾರಿಗೂ ಕೇಳಿಸದಷ್ಟು ಮೆತ್ತಗೆ. "ಫೆಬ್ರವರೀಲಿ ನಿನ್ನ ಹತ್ರ ಎರಡು ಪೀರಿಯಡ್ ಇಸ್ಕೊಂಡಿದ್ದೆ, ಪರೀಕ್ಷೆಗೆ ಮುಂಚೆ. ನೀನು ಕೇಳಲಿಲ್ಲ, ನಾನು ಮರೆತೆ. ತಗೋ."